‘ನಿಮ್ಮ ಆ್ಯಪ್ ಭಾಳ ಛಲೋ ಐತ್ರಿ!’

“ಭಾಳ ಛಲೋ ಐತ್ರಿ ನಿಮ್ಮ ಆ್ಯಪ್” ಎನ್ನುತ್ತ ನವನಗರದ ಅಕ್ಕಾರೊಬ್ಬರು ನನ್ನ ಮುಂದೆ ಅವಲಕ್ಕಿ ತಟ್ಟೆ ಇಟ್ಟರು. ದವಾಖಾನೆಯಲ್ಲಿ ಡಾಕ್ಟರನ್ನು ಕಾಣಲು ಮನೆಯಿಂದಲೇ ಪಾಳಿ ಹಚ್ಚುವ ಆ್ಯಪ್ ಅದು. ವಿನ್ಯಾಸ ನನ್ನದು. ಬಳಸುವವರಿಗೆ ಎಲ್ಲಿ ತೊಡಕಾಗುತ್ತದೆ ಎಂದು ಕೇಳಲು ಹೋಗಿದ್ದೆ.

ಖುಷಿಯಿಂದ ಹೊರಬಂದು ಚಪ್ಪಲಿ ಮೆಟ್ಟುವಾಗ, ಅವರು ದವಾಖಾನೆಗೆ ಫೋನ್ ಹಚ್ಚಿದ್ದು ಕೇಳಿಸಿತು: “ಆ್ಯಪಿನ್ಯಾಗ ಏನೂ ತಿಳಿಯಂಗಿಲ್ರಿ. ನೀವ ನನ್ನ ಹೆಸರು ಬರಕೊಳ್ರಿ.”

ತಡೆಯಲಾರದೆ ವಾಪಸ್ ಒಳಗೆ ಹೋಗಿ ಕೇಳಿಯೇಬಿಟ್ಟೆ.

“ಮನಿಗೆ ಬಂದವರಿಗೆ ಛಲೋ ಇಲ್ಲಂತ ಹೆಂಗ ಹೇಳೂದ್ರಿ?” ಎಂದು ನನ್ನನ್ನೇ ಕೇಳಿದರು.

ಮರುದಿನ ಆಫೀಸಿನಲ್ಲಿ ಅದೇ ಆ್ಯಪನ್ನು ತಿದ್ದಿ ಗೆಳೆಯರಿಗೆ ತೋರಿಸಿದೆ. ಎಲ್ಲರೂ ‘ಭಾಳ ಛಲೋ’ ಎಂದರು. ಹಿಗ್ಗಬೇಕೋ ಬೇಡವೋ ತಿಳಿಯಲಿಲ್ಲ. ಅವರ ಕೈಯಲ್ಲಿದ್ದದ್ದು ನಾನು ಕೊಡಿಸಿದ ಚಹಾ.