ಅವ್ವನ ವಿಭೂತಿ, ನಮ್ಮ ಕಂಪ್ಯೂಟರ್

ಸಿಂದಗಿಯ ನಮ್ಮ ಮನಿಯಾಗ ಹಳೆ ಕಂಪ್ಯೂಟರ್ ಕುಂಟತಿತ್ತು. ಧೂಳು ತಗದ್ರ ಚುರುಕಾಗತೈತಿ ಅಂತ ಕೇಳಿದ್ದೆ. "ಬಿಚ್ಚಿದ್ರ ಕೈ ಮುರಿತೀನಿ" ಅಂದಿದ್ದ ಅಪ್ಪ ಮುಳವಾಡಕ್ಕ ಹೋದಾಗ, ವೈರ್ ಕಿತ್ತು, ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ಫ್ಯಾನಿನ ತುಂಬ ಬೆಳ್ಳನ ಬೂದಿ! ದಿನಾ ಪೂಜಿ ಮುಗಿಸಿ ಅವ್ವ ಡಬ್ಬಿಯ ತೂತುಗಳ ಮ್ಯಾಲೇ ಮೂರು ಬೆರಳು ವಿಭೂತಿ ಎಳೀತಿದ್ಲು. ಸಿಟ್ಟು ನೆತ್ತಿಗೇರಿತು. ಬ್ರಷ್‌ನಿಂದ ಜಾಡಿಸಿ, ರ್ಯಾಮ್ ಅನ್ನೋ ಮೆಮೊರಿ ಪಟ್ಟಿ ತಗದು ರಬ್ಬರಿನಿಂದ ಉಜ್ಜಿ ಕೂಡ್ರಿಸಿ, ಚಾಲೂ ಮಾಡಿದೆ. ಪರದೆ ಕಪ್ಪಗ, ಬರೇ ಕೀಂ ಕೀಂ. ಅಪ್ಪ ಬರೋ ಹೊತ್ತಾಗಿತ್ತು. ಬೆವರಕೋತ ಪಟ್ಟಿ ಮತ್ತೊಮ್ಮೆ ಒತ್ತಿದೆ. ಚಾಲೂ ಆತು, ಚುರುಕಾಗೇ. ಅವ್ವ ಓಡಿ ಬಂದು ಅಲ್ಲೇ ವಿಭೂತಿ ಎಳದು, "ನೋಡು, ಇದರಿಂದನ ನಡದೈತಿ" ಅಂದ್ಲು. ಅಪ್ಪನ ಅಂಜಿಕಿ ಮೀರಿ ಡಬ್ಬಿ ಬಿಚ್ಚಿದವ ನಾನು, ಅವ್ವಗ "ಬ್ಯಾಡ" ಅನ್ನಾಕ ಅಂಜಿದೆ.