ಯಜಮಾನರು ಹೊದಿಸಿದ ಸೂರನ್ನು ನಾನು ಕೊಯ್ಸಿದ್ದು

ನಮ್ಮ ಮನೆಯ ಚಾವಣಿ ಊರಾಚೆಯ ಕೆರೆಯಲ್ಲಿ ಸಿಕ್ಕಿತು. ಹನ್ನೊಂದು ಶೀಟುಗಳಲ್ಲಿ ಏಳು ನೀರಿನೊಳಗಿದ್ದವು, ಎರಡು ತೆಂಗಿನ ಮರದ ಬುಡದಲ್ಲಿದ್ದವು, ಉಳಿದೆರಡು ಎಲ್ಲಿ ಹೋದವೋ ಸಮುದ್ರಕ್ಕೇ ಗೊತ್ತು. ಹರಿಹರದಲ್ಲಿ ಹುಟ್ಟಿ ಬೆಳೆದ ನನಗೆ ಗಾಳಿ ಎಂದರೆ ಒಣಹಾಕಿದ ಸೀರೆ ಪಕ್ಕದ ಮನೆಯ ಅಂಗಳಕ್ಕೆ ಹೋಗುವುದು, ಅಷ್ಟೆ. ಒಡಿಶಾದ ಕರಾವಳಿಗೆ ಬಂದ ಎರಡನೇ ವರ್ಷ ಮನೆಯ ತಲೆಯನ್ನೇ ಕಿತ್ತುಕೊಂಡು ಹೋಗುವ ಗಾಳಿಯನ್ನು ಕಂಡೆ. ಇಲ್ಲಿ ಅದನ್ನು ‘ಬಾತ್ಯಾ’ ಎನ್ನುತ್ತಾರೆ, ಚಂಡಮಾರುತ ಎಂದರ್ಥ. ಕೆರೆಯ ದಂಡೆಗೆ ಬಂದ ಹೆಂಗಸರು ಸಂಜೆ ಮನೆಗೆ ಮರಳಿದ ದನ ಗುರುತಿಸುವ ಹಾಗೆ ತಮ್ಮ ತಮ್ಮ ಶೀಟು ಗುರುತಿಸಿ ಎಳೆದುಕೊಂಡು ಹೋಗುತ್ತಿದ್ದರು. ಅಳುತ್ತ ನಿಂತವಳು ನಾನೊಬ್ಬಳೇ.

ನಮ್ಮ ಯಜಮಾನರು ಕೊಟ್ರೇಶಪ್ಪ ಹರಿಹರದ ಪಕ್ಕದ ಗುತ್ತೂರಿನವರು, ಶೀಟು ಹೊದಿಸುವ ಮೇಸ್ತ್ರಿ. ದಾವಣಗೆರೆ ಹತ್ತಿರದ ಕರೂರಿನ ಕಾರ್ಖಾನೆ ಶೆಡ್ಡುಗಳ ಮೇಲೆ ಹತ್ತು ವರ್ಷ ಬಿಸಿಲಲ್ಲಿ ಕೂತು ಬೋಲ್ಟು ಬಿಗಿದವರು. ಸಿಗಡಿ ಶೈತ್ಯಾಗಾರವೊಂದರ ಶೆಡ್ಡು ಕಟ್ಟಲು ಇಲ್ಲಿಗೆ ಬಂದರು. ಕೆಲಸ ಮುಗಿದ ಮೇಲೆ ಮಾಲೀಕರು ಇವರನ್ನು ಅಲ್ಲೇ ರಿಪೇರಿ ನೋಡಿಕೊಳ್ಳಲು ಉಳಿಸಿಕೊಂಡರು. ಇಬ್ಬರು ಹೆಣ್ಣುಮಕ್ಕಳೊಂದಿಗೆ ನಾನೂ ಬಂದೆ. ಇಟ್ಟಿಗೆ ಗೋಡೆಯ, ಶೀಟಿನ ಒಂದು ಹಳೆಯ ಮನೆ ಅಗ್ಗಕ್ಕೆ ಸಿಕ್ಕಿತು. ಸ್ವಂತದ್ದೊಂದು ಮನೆಯಾಯಿತೆಂದು ಕುಣಿದಾಡಿದೆವೇ ಹೊರತು, ಯಾಕೆ ಅಗ್ಗ ಎಂದು ಕೇಳುವ ಬುದ್ಧಿ ಇಬ್ಬರಿಗೂ ಬರಲಿಲ್ಲ.

ನಮಗೆ ಸಿಕ್ಕ ಶೀಟುಗಳು ಸೀಳಿ ಕೆಲಸಕ್ಕೆ ಬಾರದಂತಾಗಿದ್ದವು. ಬಾತ್ಯಾ ಬಂದು ಹೋದ ಮರುದಿನ ಇಡೀ ಜಿಲ್ಲೆಗೇ ಶೀಟು ಬೇಕು. ಬೆಲೆ ಎರಡರಷ್ಟಾಯಿತು. ಮರದ ತೊಲೆಗೆ, ಬೋಲ್ಟಿಗೆ, ಕೊನೆಗೆ ಸಾಗಿಸುವ ಗಾಡಿಗೂ ಕೇಳಿದಷ್ಟು ಕೊಡಬೇಕು. ಹರಿಹರದಲ್ಲಿ ಹೊಸದಾಗಿ ಒಂದು ಕೋಣೆ ಕಟ್ಟಿಸುವಷ್ಟು ಹಣ ಬರೀ ತಲೆಯ ಮೇಲಿನ ನೆರಳಿಗೆ ಹೋಯಿತು. ತವರಿನವರು ಹಾಕಿದ್ದ ನಾಲ್ಕು ಬಳೆ ಮಾರಿದೆ. ಯಜಮಾನರು ತಲೆ ತಗ್ಗಿಸಿ ಕೂತಿದ್ದರು. ಕೂಲಿಯನ್ನಾದರೂ ಉಳಿಸುತ್ತೇನೆ ಎಂದು ಆಮೇಲೆ ತಾವೇ ಏಣಿ ಹತ್ತಿದರು.

ಹೊದಿಸಿದ್ದು ನಮ್ಮ ಕಡೆಯ ಪದ್ಧತಿಯಂತೆ. ಬಿಸಿಲಿನ ಊರಿನವರ ಲೆಕ್ಕವೇ ಬೇರೆ. ಸೂರು ಗೋಡೆಯಿಂದ ಮೂರಡಿ ಹೊರಗೆ ಚಾಚಿರಬೇಕು, ಕಟ್ಟೆಯ ಮೇಲೆ ಕೂತವರಿಗೆ ನೆರಳು ಬೀಳಬೇಕು. ಗೋಡೆಗೂ ಶೀಟಿಗೂ ನಡುವೆ ಒಂದು ಗೇಣು ಸಂದಿ ಬಿಡಬೇಕು, ಒಳಗಿನ ಧಗೆ ಹೊರಗೆ ಹೋಗಬೇಕು. ಮುಗಿದಾಗ ಓಣಿಯಲ್ಲೆಲ್ಲ ನಮ್ಮದೇ ಚೆಂದದ ಮನೆ. ಉಳಿದ ಮನೆಗಳ ಸೂರು ಗೋಡೆಗೆ ಅಂಟಿಕೊಂಡಂತೆ ಗಿಡ್ಡವಾಗಿದ್ದವು. ಈ ಊರಿನವರಿಗೆ ಮನೆ ಕಟ್ಟಲು ಬರುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಅರಿಯದವರ ನಗು ಅದು.

ಪಕ್ಕದ ಮನೆಯ ಮುದುಕಿಯನ್ನು ನಾನು ಮೌಸಿ ಎನ್ನುತ್ತೇನೆ. ಇಲ್ಲಿ ತಾಯಿಯ ಅಕ್ಕತಂಗಿಯರನ್ನು ಹಾಗೆ ಕರೆಯುತ್ತಾರೆ. ನನಗೆ ಒಡಿಯಾ ಕಲಿಸಿದವಳೂ ಅವಳೇ. ಮೊದಲ ತಿಂಗಳುಗಳಲ್ಲಿ ಮಾತಿಗೆ ಜನವಿಲ್ಲದೆ ಒಗೆಯುವ ಕಲ್ಲಿನೊಂದಿಗೆ ಕನ್ನಡ ಮಾತಾಡುತ್ತಿದ್ದವಳನ್ನು ಕರೆದು ಮಂಡಕ್ಕಿ ಕೊಟ್ಟಳು. ಅವರ ಬಾಯಲ್ಲಿ ಅದು ‘ಮುಢಿ’. ದಾವಣಗೆರೆಯಲ್ಲಿ ಮಿರ್ಚಿ ಕಡಿದುಕೊಂಡು ತಿಂದವಳು, ಅದರ ಮೇಲೆ ಬಟಾಣಿ ಸಾರು ಸುರಿಯುವುದನ್ನು ಕಂಡು ಬಟ್ಟಲು ಪಕ್ಕಕ್ಕೆ ಸರಿಸಿದ್ದೆ. ಈಗ ಎರಡು ಬಟ್ಟಲು ತಿನ್ನುತ್ತೇನೆ. ಅದೇ ಮೌಸಿ ನಮ್ಮ ಹೊಸ ಸೂರನ್ನು ಕೆಳಗಿನಿಂದ ದಿಟ್ಟಿಸಿ, ಗಾಳಿ ಸಂದಿಯಿಂದ ಒಳಗೆ ನುಗ್ಗುತ್ತದೆ, ಸೂರು ಹಿಡಿದು ಎತ್ತುತ್ತದೆ, ನೀವೇ ಅದಕ್ಕೆ ಹಿಡಿ ಮಾಡಿಕೊಟ್ಟಿದ್ದೀರಿ ಎಂದಳು. ಯಜಮಾನರಿಗೆ ಹೇಳಿದೆ. ದೋಣಿ ಕಟ್ಟುವವರ ಮನೆಯವಳಿಗೆ ಶೀಟಿನ ಕೆಲಸ ಏನು ಗೊತ್ತು ಎಂದು ತಳ್ಳಿಹಾಕಿದರು. ನಾನೂ ಸುಮ್ಮನಾದೆ.

ಮುಂದಿನ ವರ್ಷ ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ಯಜಮಾನರು ದಾವಣಗೆರೆಗೆ ಹೋದರು. ಅವರು ಹೋದ ನಾಲ್ಕನೇ ದಿನ ಪಂಚಾಯಿತಿಯವರು ಆಟೋಗೆ ಮೈಕು ಕಟ್ಟಿಕೊಂಡು ಕೂಗುತ್ತ ಬಂದರು, ಬಾತ್ಯಾ ಬರುತ್ತಿದೆ, ಎರಡು ದಿನವಿದೆ ಎಂದು. ಈ ಸಲ ಶೀಟು ಹೋದರೆ ಮಾರಲು ಬಳೆ ಇಲ್ಲ, ಮನೆ ಬಿಟ್ಟು ಊರಿಗೆ ಗಂಟು ಕಟ್ಟುವುದೊಂದೇ ದಾರಿ. ಮೌಸಿಯ ಗಂಡ ದೋಣಿಯ ಬಡಗಿ. ಆತ ಗರಗಸ ಹಿಡಿದುಕೊಂಡು ಬಾಗಿಲಿಗೇ ಬಂದ. ಸೂರು ಕೊಯ್ದು, ಸಂದಿ ಮುಚ್ಚಿ, ತೊಲೆಗಳನ್ನು ತಂತಿಯ ಹಗ್ಗದಿಂದ ನೆಲಕ್ಕೆ ಬಿಗಿಯಲು ಒಂದೂವರೆ ದಿನ ಬೇಕು, ಈಗಲೇ ಹೇಳು ಎಂದ. ನಾನು ದಾವಣಗೆರೆಗೆ ಫೋನು ಹಚ್ಚಿದೆ.

“ಅದನ್ನ ಮುಟ್ಟಬ್ಯಾಡ,” ಎಂದರು ಯಜಮಾನರು. “ಕರೂರಾಗೆ ಎಷ್ಟು ಶೆಡ್ ಹೊದಿಸೀನಿ, ಒಂದು ಶೀಟಾದ್ರೂ ಅಲ್ಲಾಡೈತೇನು?”

“ಕರೂರಾಗೆ ಸಮುದ್ರ ಐತೇನ್ರಿ?” ಎಂದೆ.

ಆ ಕಡೆ ಆಸ್ಪತ್ರೆಯಲ್ಲಿ ಯಾರದೋ ಹೆಸರು ಕೂಗುತ್ತಿದ್ದುದು ಕೇಳಿಸಿತು. ಆಮೇಲೆ ಅವರು ಮೆಲ್ಲಗೆ, “ಕೊಯ್ಸಿದ್ರೆ ಇನ್ನು ನನ್ನ ಕೇಳಬ್ಯಾಡ,” ಎಂದು ಫೋನು ಇಟ್ಟರು.

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವರ ಮಾತು ಮೀರಿದವಳಲ್ಲ. ಅಂದು ಮೀರಿದೆ. ಗರಗಸ ಶೀಟಿನ ಮೇಲೆ ಕಿರಗುಟ್ಟಿದಾಗ ಹಲ್ಲು ಜುಮ್ಮೆಂದಿತು. ಅವರು ಅಳೆದು, ಗುರುತು ಹಾಕಿ, ಒಂದೊಂದೇ ಹೊಂದಿಸಿದ್ದ ಶೀಟಿನ ತುಂಡುಗಳು ಅಂಗಳಕ್ಕೆ ಬಿದ್ದವು. ಮಕ್ಕಳು ಇಟ್ಟಿಗೆ ಹೊತ್ತರು, ನಾನು ಸಿಮೆಂಟು ಕಲಸಿ ಸಂದಿ ತುಂಬಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೋಡ ರುಬ್ಬುವ ಕಲ್ಲಿನಂತೆ ಕಪ್ಪಾಯಿತು. ಇನ್ನೂ ಎರಡು ತೊಲೆ ಬಿಗಿಯುವುದು ಉಳಿದಿತ್ತು. ಪೊಲೀಸರು ಹೊರಡಿ ಹೊರಡಿ ಎಂದು ಗದರುತ್ತಿದ್ದರೂ ಮುದುಕ ಅವೆರಡನ್ನೂ ಬಿಗಿದೇ ಕೆಳಗಿಳಿದ.

ಬಾತ್ಯಾ ಬಂದಾಗ ತಂಗಲೆಂದು ಸರ್ಕಾರ ಕಟ್ಟಿಸಿದ ಎರಡಂತಸ್ತಿನ ಕಟ್ಟಡದಲ್ಲಿ ಓಣಿಯವರೆಲ್ಲ ಸೇರಿದೆವು. ಅವಲಕ್ಕಿ, ಬೆಲ್ಲ ಹಂಚಿದರು. ಬೆಳಗಿನ ಒಂಬತ್ತಕ್ಕೆ ಗಾಳಿ ಅಪ್ಪಳಿಸಿತು. ಕಿಟಕಿಯ ಬಾಗಿಲುಗಳು ಹಲ್ಲು ಕಡಿದಂತೆ ಸದ್ದು ಮಾಡುತ್ತಿದ್ದವು. ಮಕ್ಕಳಿಬ್ಬರನ್ನೂ ಅವುಚಿಕೊಂಡಿದ್ದೆ. ನಿಜ ಹೇಳುತ್ತೇನೆ, ನನ್ನ ಭಯ ಗಾಳಿಯದ್ದಷ್ಟೇ ಅಲ್ಲ. ಇಷ್ಟು ಮಾಡಿಯೂ ಚಾವಣಿ ಹೋದರೆ ಅವಳೇ ಕೊಯ್ಸಿ ಕಳೆದಳು ಎನ್ನುವ ಮಾತು ಬದುಕಿಡೀ ನನ್ನ ಬೆನ್ನಿಗಿರುತ್ತದಲ್ಲ, ಆ ಭಯ.

ಮಧ್ಯಾಹ್ನ ಮೂರಕ್ಕೆ ಹೊರಗೆ ಬಿಟ್ಟರು. ಸೊಂಟದವರೆಗೆ ಬಿದ್ದ ಕೊಂಬೆಗಳನ್ನು ದಾಟಿಕೊಂಡು ಓಣಿಗೆ ಬಂದೆ. ಮೂಲೆಯ ಮನೆಗೆ ಚಾವಣಿ ಇರಲಿಲ್ಲ. ಅದರ ಪಕ್ಕದ್ದಕ್ಕೂ ಇರಲಿಲ್ಲ. ನಮ್ಮದು ಇತ್ತು. ಒಂದು ಶೀಟಿನ ಅಂಚು ಮೇಲಕ್ಕೆ ಮಡಚಿತ್ತು, ಅಷ್ಟೆ. ನಾನು ಹೊಸ್ತಿಲ ಮೇಲೆ ಕುಸಿದು ಕೂತು ಜೋರಾಗಿ ಅತ್ತೆ.

ನಿಂತಿದ್ದ ರೈಲು ಮತ್ತೆ ಶುರುವಾಗಿ ಯಜಮಾನರು ಬರಲು ಐದು ದಿನ ಹಿಡಿಯಿತು. ಮನೆಯ ಸುತ್ತ ಒಂದು ಸುತ್ತು ಬಂದರು, ತಂತಿಯ ಹಗ್ಗ ಎಳೆದು ನೋಡಿದರು, ಗರಗಸ ಕಚ್ಚಿದ ಅಂಚಿನ ಮೇಲೆ ಬೆರಳಾಡಿಸಿದರು. ಚಹಾ ಕುಡಿದು ಅರ ತೆಗೆದುಕೊಂಡು ಏಣಿ ಹತ್ತಿದರು. ಸಂಜೆಯವರೆಗೂ ಆ ಅಂಚನ್ನು ಉಜ್ಜಿ ನುಣುಪು ಮಾಡಿದರು. ಇಳಿದವರು ಮೌಸಿಯ ಮನೆಗೆ ಹೋಗಿ ಮುದುಕನ ಕಾಲು ಮುಟ್ಟಿದರಂತೆ. ನನಗೆ ಹೇಳಿದವಳು ಮೌಸಿ, ಅವರಲ್ಲ. ಸಂದಿ ಮುಚ್ಚಿದ ಮನೆ ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತದೆ. ಇಬ್ಬರೂ ಆ ಬಗ್ಗೆ ದೂರುವುದಿಲ್ಲ.

ಈ ಏಪ್ರಿಲ್‌ನಲ್ಲಿ ಎಲ್ಲರೂ ಗುತ್ತೂರಿಗೆ ಬಂದೆವು. ದಾವಣಗೆರೆ ದಾಟಿದ ಮೇಲೆ ಬಸ್ಸಿನಲ್ಲಿ ನಮ್ಮ ಮಾತು ಕೇಳಿಯೇ ಎದೆ ತಂಪಾಯಿತು. ಒಂದು ಮಧ್ಯಾಹ್ನ ಎಲ್ಲರೂ ಅತ್ತೆಯ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ಮಳೆಗಾಳಿ ಎದ್ದು ಧೂಳು ಸುಳಿಯಿತು, ಮೇಲಿನ ಶೀಟು ಒಮ್ಮೆ ದಡಗುಟ್ಟಿತು. ನನಗೇ ತಿಳಿಯದಂತೆ ಮಕ್ಕಳ ರಟ್ಟೆ ಹಿಡಿದು ಬಚ್ಚಲಮನೆಗೆ ಓಡಿದೆ. ಆ ಮನೆಯಲ್ಲಿ ಗಟ್ಟಿ ಸ್ಲ್ಯಾಬು ಇರುವುದು ಅದೊಂದಕ್ಕೇ. ತಿರುಗಿ ನೋಡಿದರೆ ಯಜಮಾನರೂ ನನ್ನ ಹಿಂದೆಯೇ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು.

ಗಾಳಿ ಐದೇ ನಿಮಿಷದಲ್ಲಿ ನಿಂತಿತು. ಹೊರಗೆ ಬಂದಾಗ ಅತ್ತೆ ಕೂತಲ್ಲಿಂದ ಕದಲಿರಲಿಲ್ಲ. ನಮ್ಮನ್ನು ನೋಡಿ ನಗಲೂ ಇಲ್ಲ, ನೆಂಟರಿಗೆ ಮಾಡುವಂತೆ ಸರಿದು ಜಾಗ ಮಾಡಿದರು.

“ನಿಮ್ಮೂರಾಗೆ ಹಂಗಿರ್ಬೋದವ್ವ,” ಎಂದರು. “ನಮ್ಮೂರಾಗೆ ಗಾಳಿ ಬಂದ್ರೆ ಹೊರಗೆ ಕೂಡ್ತಾರೆ. ಬರ್ರಿ, ಕೂಡ್ರಿ.”

ನಾನು ಹುಟ್ಟಿದ ಹರಿಹರ ಅಲ್ಲಿಂದ ಕೂಗಳತೆಯಲ್ಲಿದೆ. ಯಜಮಾನರು ಹುಟ್ಟಿದ್ದಂತೂ ಅದೇ ಮನೆಯಲ್ಲಿ. ಅತ್ತೆ ತೋರಿಸಿದ ಜಾಗದಲ್ಲಿ ಇಬ್ಬರೂ ಕೂತೆವು.