ಬೇವಿನ ಗಿಡದ ಕೆಳಗಿನ ಕಂಪ್ಯೂಟರ್

ಕಾಲೇಜಿನಲ್ಲಿ ನಾನು ಎರಡು ವರ್ಷ ಡಬ್ಬಿಯಾಗಿದ್ದೆ. ಹೀಗೆಂದರೆ ನನ್ನ ಈಗಿನ ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಳ್ಳುತ್ತಾರೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಾನ್ವಿಯವಳಾದ ನಾನು ರಾಯಚೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಕಾಲೇಜಿಗೆ ಕಂಪ್ಯೂಟರ್ ಮಂಜೂರಾಗಿದೆ ಎಂಬ ಸುದ್ದಿ ಬಂತು. ಕಂಪ್ಯೂಟರ್ ಬರಲಿಲ್ಲ, ಅದರ ಪಾಠ ಮಾತ್ರ ಶುರುವಾಯಿತು.

ಪಾಠ ಮಾಡಿದವರು ನಮ್ಮ ಗಣಿತದ ಸರ್. ಆಗಲೇ ಅವರ ತಲೆ ಅರ್ಧ ಬೆಳ್ಳಗಾಗಿತ್ತು. ರಜೆಯಲ್ಲಿ ಅವರನ್ನು ತರಬೇತಿಗೆಂದು ಬೆಂಗಳೂರಿಗೆ ಕಳಿಸಿದ್ದರು. ಅಲ್ಲಿ ಅಷ್ಟೂ ಜನರಿಗೆ ಇದ್ದದ್ದು ಒಂದೇ ಯಂತ್ರ. ಹಿಂದೆ ನಿಂತ ಇವರಿಗೆ ಕಂಡದ್ದು ಬರೀ ಮುಂದಿನವರ ಬೆನ್ನು. ಹೇಗೂ ಇರಲಿ ಎಂದು ಒಂದು ಪುಸ್ತಕ ಕೊಂಡು ತಂದು, ಬಾಯಿಪಾಠ ಆಗುವಷ್ಟು ಓದಿಕೊಂಡರು. "ಬಾವಿ ಇಲ್ಲದ ಈಜು ಕಲಸಾಕತ್ತೀನಿ, ನಗಬ್ಯಾಡ್ರಿ" ಎಂದು ಮೊದಲ ದಿನವೇ ನಮಗೆ ಹೇಳಿದ್ದರು.

"ಕಂಪ್ಯೂಟರ್ ಬರಾಕತ್ತದ" ಎನ್ನುವುದು ಅವರ ತರಗತಿಯ ಮಂಗಳಾಚರಣೆ. ಒಂದು ದಿನ ಬಾಗಲವಾಡದ ಹುಡುಗನೊಬ್ಬ ಹಿಂದಿನಿಂದ, "ನಮ್ಮೂರಿಗೆ ಕಾಲುವಿ ನೀರೂ ಹಿಂಗ ಬರಾಕತ್ತದ್ರಿ ಸರ್" ಅಂದುಬಿಟ್ಟ. ನೀರು ಎಂದೂ ಬಂದು ಮುಟ್ಟದ, ಕಾಲುವೆಯ ಕೊನೆಯಲ್ಲಿರುವ ಊರುಗಳವರಿಗೆ ಆ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ. ಸರ್ ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕರು.

ಯಂತ್ರವಿಲ್ಲದ ಮೇಲೆ ನಾವೇ ಯಂತ್ರವಾಗಬೇಕಾಯಿತು. ಅಂಗಳದ ಬೇವಿನ ಗಿಡದ ಕೆಳಗೆ ತರಗತಿ. ವಿದ್ಯಾರ್ಥಿಗಳ ಐದು ವಿಷಯದ ಅಂಕ ಕೂಡಿಸಿ ಹೇಳುವ ಒಂದು ಪ್ರೋಗ್ರಾಮನ್ನು ಸರ್ ಸ್ವತಃ ಬರೆದಿದ್ದರು. ಅದರ ಒಂದೊಂದು ಸಾಲಿಗೆ ಒಬ್ಬೊಬ್ಬರು ನಿಲ್ಲಬೇಕು. ಒಬ್ಬಳು ಅಂಕ ಓದುವವಳು. ಇನ್ನೊಬ್ಬ ಆ ಅಂಕವನ್ನು ಡಬ್ಬಿಯ ಚೀಟಿಯಲ್ಲಿದ್ದ ಸಂಖ್ಯೆಗೆ ಕೂಡಿಸಿ ಹೊಸ ಚೀಟಿ ಹಾಕುವವನು. ಐದೂ ವಿಷಯ ಮುಗಿದಾಗ ಒಟ್ಟು ಎಷ್ಟೆಂದು ಕೂಗಲು ಮತ್ತೊಬ್ಬ. ಆಮೇಲೆ ಮುಂದಿನ ವಿದ್ಯಾರ್ಥಿಯ ಲೆಕ್ಕ. ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿ ಹಿಡಿದು ನಡುವೆ ನಿಂತವಳು ನಾನು. ಯಂತ್ರದ ನೆನಪು ಅಂದರೆ ನಾನೇ.

"ಯಂತ್ರಕ್ಕ ಸ್ವಂತ ಬುದ್ಧಿ ಇಲ್ಲ. ಹೇಳಿದಷ್ಟ ಮಾಡ್ರಿ, ಶಾಣ್ಯಾತನ ಮಾಡಬ್ಯಾಡ್ರಿ" ಎಂದು ಸರ್ ಎಚ್ಚರಿಸುತ್ತಿದ್ದರು. ನಾವು ಹಾಗೇ ಮಾಡುತ್ತಿದ್ದೇವೆಂದು ನಂಬಿದ್ದೆವು. ಲೆಕ್ಕ ಒಮ್ಮೆಯೂ ತಪ್ಪುತ್ತಿರಲಿಲ್ಲ. ಕೊನೆಯ ಮೊತ್ತ ಸರಿ ಬಂದಾಗ ಸರ್ ಚಪ್ಪಾಳೆ ತಟ್ಟಿ "ಓಡ್ತು! ಓಡ್ತು!" ಎಂದು ಸಣ್ಣ ಹುಡುಗರ ಹಾಗೆ ಕೂಗುತ್ತಿದ್ದರು. ಆಫೀಸಿನವರು ಕಿಟಕಿಯಿಂದ ಇಣುಕಿ ನೋಡುತ್ತಿದ್ದರು. ಗದ್ದಲ ಅಡಗಿದ ಮೇಲೆ ಸರ್ ಮೆಲ್ಲಗೆ, "ನಾ ಬರದದ್ದು ಖರೇ ಮಶೀನಿನ್ಯಾಗ ಒಮ್ಮಿ ಓಡೋದು ನೋಡಿದ್ರ ಸಾಕು, ಮತ್ತೇನೂ ಬ್ಯಾಡ" ಅನ್ನುತ್ತಿದ್ದರು. ಆ ಮಾತನ್ನು ಅವರು ನಮಗಲ್ಲ, ಗಿಡಕ್ಕೆ ಹೇಳುತ್ತಿದ್ದಾರೇನೋ ಅನಿಸುತ್ತಿತ್ತು.

ಕಡೆಗೊಮ್ಮೆ ಬಂತು. ದೊಡ್ಡ ರಟ್ಟಿನ ಪೆಟ್ಟಿಗೆಗಳಲ್ಲಿ, ಲಾರಿಯಲ್ಲಿ ಬಂತು. ಅದಕ್ಕೆಂದು ಒಂದು ಕೋಣೆಗೆ ಸುಣ್ಣ ಹೊಡೆದು, ಪರದೆ ಕಟ್ಟಿ, ಏಸಿ ಕೂರಿಸಿದರು. ರಾಯಚೂರಿನ ಬಿಸಿಲಿನಲ್ಲಿ ನಾವು ಬೆಂದರೆ ಕೇಳುವವರಿಲ್ಲ, ಯಂತ್ರಕ್ಕೆ ಮಾತ್ರ ತಂಪು! ನನಗೆ ಆಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ದೊಡ್ಡವರೊಬ್ಬರು ಬಂದು ಉದ್ಘಾಟನೆ ಮಾಡುವ ತನಕ ಪೆಟ್ಟಿಗೆ ಬಿಚ್ಚುವ ಹಾಗಿಲ್ಲ ಎಂದರು. ಆ ದೊಡ್ಡವರಿಗೆ ಪುರಸೊತ್ತಿಲ್ಲ. ಸರ್ ದಿನಾ ಒಮ್ಮೆ ಆ ಕೋಣೆಗೆ ಹೋಗಿ, ಪೆಟ್ಟಿಗೆಗಳ ಮೇಲಿನ ಧೂಳು ಕರವಸ್ತ್ರದಿಂದ ಒರೆಸಿ ಬರುತ್ತಿದ್ದರು.

ಉದ್ಘಾಟನೆಗಿಂತ ಮೊದಲು ಬಂದದ್ದು ಅವರ ವರ್ಗಾವಣೆಯ ಆದೇಶ. ದೇವದುರ್ಗಕ್ಕೆ. ಯಾರದೋ ವಶೀಲಿ ನಡೆದಿದೆ ಎಂದು ಆಡಿಕೊಂಡರು, ನಿಜ ದೇವರಿಗೇ ಗೊತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೋಗುವ ದಿನ ಸರ್ ನಮ್ಮೆದುರು ಏನೂ ತೋರಿಸಿಕೊಳ್ಳಲಿಲ್ಲ. "ಚಲೋತ್ನಾಗ ಕಲೀರಿ" ಎಂದಷ್ಟೇ ಹೇಳಿ, ಸೈಕಲ್ಲು ಹತ್ತಿ ಹೊರಟುಹೋದರು.

ಮುಂದೆ ಉದ್ಘಾಟನೆಯೂ ಆಯಿತು. ಬಾಗಿಲಲ್ಲಿ ತೆಂಗಿನಕಾಯಿ ಒಡೆದರು, ಯಂತ್ರದ ನೆತ್ತಿಗೆ ಕುಂಕುಮ ಹಚ್ಚಿದರು. ಚಪ್ಪಲಿ ಹೊರಗೆ ಬಿಡಿಸಿ, ಸರದಿಯ ಪ್ರಕಾರ ನಮ್ಮನ್ನು ಒಳಗೆ ಬಿಟ್ಟರು. ಬೆಂಗಳೂರಿನ ಕಡೆಯಿಂದ ಬಂದಿದ್ದ ಹೊಸ ಲೆಕ್ಚರರ್ ಪಕ್ಕದಲ್ಲೇ ನಿಂತಿರುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಹೆಸರು ಬರುವಂತೆ ಮಾಡಿ ಕುಣಿದಾಡಿದರು. ನನ್ನ ಸರದಿ ಬಂದಾಗ ನಾನು ಒಂದೇ ಬೆರಳಿನಲ್ಲಿ ಸರ್ ಅವರ ಪ್ರೋಗ್ರಾಮನ್ನು ಒತ್ತತೊಡಗಿದೆ. ನೋಡಿ ಬರೆಯುವ ಅಗತ್ಯವೇ ಇರಲಿಲ್ಲ, ಎರಡು ವರ್ಷ ಅದರ ನಡುವೆಯೇ ನಿಂತವಳಲ್ಲವೇ.

ಮೊದಲ ವಿದ್ಯಾರ್ಥಿಯ ಮೊತ್ತ ಸರಿಯಾಗಿ ಬಂತು. ಮುನ್ನೂರ ಹನ್ನೆರಡು. ಎರಡನೆಯವನ ಮೊತ್ತ ಬಂತು: ಆರುನೂರ ಹತ್ತು.

"ಐನೂರಕ್ಕೆ ಆರುನೂರ ಹತ್ತಾ? ಯಾರ್ರೀ ಇದನ್ನ ಬರೆದಿದ್ದು?" ಎಂದು ಹೊಸ ಲೆಕ್ಚರರ್ ನಕ್ಕರು. ಹಿಂದೆ ನಿಂತವರೂ ನಕ್ಕರು, ಬೇವಿನ ಗಿಡದ ಕೆಳಗೆ ನಿಂತಿದ್ದವರೇ! ನನ್ನ ಮೈ ಉರಿದುಹೋಯಿತು. ಆದರೆ ಪರದೆಯನ್ನು ದಿಟ್ಟಿಸುತ್ತಿದ್ದ ಹಾಗೆ ನನಗೆ ಗೊತ್ತಾಯಿತು. ಮೊದಲನೆಯವನ ಅಂಕ ಡಬ್ಬಿಯಲ್ಲೇ ಉಳಿದಿತ್ತು. ಅದರ ಮೇಲೆಯೇ ಎರಡನೆಯವನದನ್ನೂ ಯಂತ್ರ ಕೂಡಿಸಿತ್ತು. ಡಬ್ಬಿ ಖಾಲಿ ಮಾಡು ಎಂಬ ಸಾಲನ್ನು ಸರ್ ಬರೆದೇ ಇರಲಿಲ್ಲ.

ಹಾಗಾದರೆ ಗಿಡದ ಕೆಳಗೆ ಅದನ್ನು ಖಾಲಿ ಮಾಡುತ್ತಿದ್ದವರು ಯಾರು? ನಾನು. ಒಬ್ಬನ ಮೊತ್ತ ಕೂಗಿದ ಕೂಡಲೇ ಹಳೆಯ ಚೀಟಿ ತೆಗೆದೆಸೆದು, ಡಬ್ಬಿ ಬೋರಲು ಹಾಕಿ ಕೊಡವುತ್ತಿದ್ದೆ. ಯಾರೂ ಹೇಳಿರಲಿಲ್ಲ. "ಗಡಿಗಿ ತೊಳೀಲಾರ್ದ ಹೊಸಾ ಮಜ್ಜಿಗಿ ಹಾಕಬ್ಯಾಡ" ಎಂದು ಅವ್ವ ಬೈದು ಬೆಳೆಸಿದ ಕೈ ಅದು, ಸುಮ್ಮನಿರುವುದು ಹೇಗೆ? ಶಾಣ್ಯಾತನ ಮಾಡಬ್ಯಾಡ ಅಂದಿದ್ದರೂ ಮಾಡಿದ್ದೆ, ಮಾಡಿದ್ದು ನನಗೂ ತಿಳಿದಿರಲಿಲ್ಲ, ಅವರಿಗೂ ಕಂಡಿರಲಿಲ್ಲ. ಆ ಸಾಲನ್ನು ಸೇರಿಸಿದೆ. ಇನ್ನೂರ ತೊಂಬತ್ತೆಂಟು ಎಂದು ಬಂತು. ಅಷ್ಟರಲ್ಲಿ ನನ್ನ ಸರದಿ ಮುಗಿಯಿತು.

ಈಗ ನಾನೂ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪಾಠವನ್ನು ಮೊದಲೇ ರೆಕಾರ್ಡು ಮಾಡಿ ಕಳಿಸುತ್ತೇನೆ. ಹುಡುಗರು ತಮಗೆ ಬೇಕಾದಾಗ ಕೇಳುತ್ತಾರೆ, ಬೇಡವಾದರೆ ಓಡಿಸಿ ಮುಂದೆ ಹೋಗುತ್ತಾರೆ. ಅದರಿಂದ ಅನುಕೂಲವಿದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೂ ಬಿಸಿಲೇರಿದ ಹೊತ್ತಿನಲ್ಲಿ ಪರದೆಯ ಮುಂದೆ ಒಬ್ಬಳೇ ಕೂತು ಮಾತಾಡುವಾಗ ಆ ಅಂಗಳ ಬೇಕು ಅನಿಸುತ್ತದೆ. ಮೈಗೆ ಮೈ ತಾಗಿಸಿ ನಿಂತ ಆ ಹುಡುಗ ಹುಡುಗಿಯರು, ಹೇಳದಿದ್ದರೂ ಮಾಡಿಬಿಡುವ ಆ ಕೈಗಳು ಬೇಕು. ಯಾರ ಹತ್ತಿರ ಕೇಳಲಿ?

ಆಗ, ಉದ್ಘಾಟನೆಯಾದ ಆ ತಿಂಗಳೇ, ಮಸರಕಲ್ಲಿನ ಅತ್ತೆಯನ್ನು ನೋಡಿ ಬರುವ ನೆಪ ಹೇಳಿ ದೇವದುರ್ಗದ ಬಸ್ಸು ಹತ್ತಿದೆ. ಸರ್ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವರ ಹೆಂಡತಿ ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಮಾಡಿ ತಂದಿಟ್ಟರು. ನಾನು ತುತ್ತು ಎತ್ತುವಷ್ಟರಲ್ಲೇ ಸರ್ ಶುರುಮಾಡಿದರು. ಮಗಳು ಹೆತ್ತ ಸುದ್ದಿ ತಂದವರನ್ನು ಕೇಳುವ ಹಾಗೆ ಕೇಳಿದರು.

"ಅಕ್ಷರ ಯಾವ ಬಣ್ಣದಾಗ ಬರ್ತಾವವಾ?"

"ಹಸಿರುರಿ ಸರ್."

"ಸಪ್ಪಳ ಮಾಡ್ತದೇನು?"

"ಸಣ್ಣಗ ಗುಂಯ್ ಅಂತದ್ರಿ."

ಆಮೇಲೆ ಕೇಳಲೋ ಬೇಡವೋ ಎಂಬಂತೆ, "ನಂದು... ಓಡ್ತೇನು?" ಅಂದರು.

ಎಲ್ಲ ಹೇಳಿದೆ. ಆರುನೂರ ಹತ್ತು ಬಂದದ್ದನ್ನೂ, ಡಬ್ಬಿ ನಾನೇ ಖಾಲಿ ಮಾಡುತ್ತಿದ್ದುದನ್ನೂ, ಸಾಲು ಸೇರಿಸಿ ಸರಿಮಾಡಿದ್ದನ್ನೂ ಹೇಳಿದೆ. ನಕ್ಕವರ ಸುದ್ದಿ ಮಾತ್ರ ಎತ್ತಲಿಲ್ಲ. ಸರ್ ಹಣೆ ಹಣೆ ಬಡಿದುಕೊಂಡು ನಕ್ಕರು. "ಎಂಥಾಕಿ ಅದಾಳ ನೋಡು ಈಕಿ! ಎರಡು ವರ್ಷ ನನ್ನ ತಪ್ಪು ಮುಚ್ಚಿಕೊಂಡು ಬಂದಾಳ!" ಎಂದು ಹೆಂಡತಿಯನ್ನು ಕರೆದು ಹೇಳಿದರು.

"ಒಂದಿನ ರಾಯಚೂರಿಗೆ ಬರ್ರಿ ಸರ್. ನಾನೇ ಓಡಿಸಿ ತೋರಸ್ತೀನಿ" ಅಂದೆ.

ಅವರ ನಗು ನಿಂತಿತು.

"ಈಗ ಬಂದು ಏನು ನೋಡ್ಲಿ ಯವ್ವಾ? ನೀ ಸರಿ ಮಾಡಿಬಿಟ್ಟೀದಿ. ನಾ ಬರದಂಗ ಓಡಿ ಆ ಆರುನೂರ ಹತ್ತು ಬಂತಲ್ಲ, ಅದನ್ನ ನಾ ನೋಡಬೇಕಿತ್ತು."